ಹೊತ್ತವರ ಸಾಕ್ಷಿ

ನಮ್ಮೂರಿನಲ್ಲಿ ಒಬ್ಬರ ನೋವನ್ನು ಇನ್ನೊಬ್ಬರು ಹೊರಬಹುದು. ಎರಡೂ ಕೈ ಹಿಡಿದು ಒಬ್ಬರು ‘ಕೊಡು’ ಅನ್ನಬೇಕು, ಇನ್ನೊಬ್ಬರು ‘ತಗೋ’ ಅನ್ನಬೇಕು, ಅಷ್ಟೇ. ಸಾವಕಾಶವಾಗಿ ಕೂತು ಒಂದು ಊಟ ಮುಗಿಸುವಷ್ಟು ಹೊತ್ತು ನೋವು ತಗೊಂಡವರ ಮೈಯಲ್ಲಿ ಇದ್ದು, ಆಮೇಲೆ ತಾನಾಗಿ ವಾಪಸು ಹೋಗುತ್ತದೆ. ಕೊಡುವವರಿಗೆ ಮನಸ್ಸಿಲ್ಲದಿದ್ದರೆ ಎಷ್ಟು ಗಟ್ಟಿಯಾಗಿ ಕೈ ಹಿಡಿದರೂ ಬರುವುದಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋಗುವವರು ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹೆರಿಗೆ ಕೋಣೆಯ ಹೊರಗೆ ಗಂಡ, ತಾಯಿ, ಅತ್ತೆ ಪಾಳಿ ಹಚ್ಚಿ ಕೂರುತ್ತಾರೆ. ಬಸ್ಸುಗಳಲ್ಲಿ ಬೀಡಿ ಸೇದಬಾರದು ಎಂಬ ಬರಹದ ಕೆಳಗೆ ‘ಚಾಲಕರಿಗೆ ನೋವು ಕೊಡಬಾರದು’ ಎಂದೂ ಬರೆದಿರುತ್ತದೆ. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಯಾರಿಗೆ ಅರೆತಲೆಶೂಲೆ ಇದೆ ಎಂದು ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಇದರಲ್ಲಿ ನಮಗೆ ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಇದು ನನ್ನ ನೆಗೆಣ್ಣಿ ಶಾವಂತ್ರೆವ್ವನಿಗೆ ಆದದ್ದು. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಬಸ್‌ ಸ್ಟ್ಯಾಂಡಿನ ಹಿಂದಿರುವ ನೀಲಗಂಗವ್ವನ ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿಯ ಅಂಚು ಎಲ್ಲೂ ಬಿರಿಯುತ್ತಿರಲಿಲ್ಲ, ಹಂಚಿನ ಮೇಲೆ ಹಾಕಿದ ಕೂಡಲೇ ಪೂರಿಯ ಹಾಗೆ ಉಬ್ಬಿ ನಿಲ್ಲುತ್ತಿತ್ತು. ರೂಢಿಯಾದ ಗಿರಾಕಿಗಳು ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ರೊಟ್ಟಿ ಬಡಿಯುವ ಸಪ್ಪಳ ಕೇಳಿ, ಒಲೆಯ ಮುಂದೆ ಇರುವವಳು ಶಾವಂತ್ರೆವ್ವನೋ ಅಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದದ್ದು ಆ ಕೆಲಸ, ನಮ್ಮ ಮನೆಗೆ ಹತ್ತಿದ ಒಂದು ಖೋಲಿ, ಮತ್ತು ಯಾರ ಮುಂದೆಯೂ ಕೈ ಚಾಚಿಲ್ಲ ಎನ್ನುವ ಹೆಮ್ಮೆ.

ಆ ಕೈಗಳಿಗೇ ಸಂಧಿವಾತ ಬಂತು. ಮೊದಮೊದಲು ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುತ್ತಿದ್ದವು, ಬಿಸಿನೀರಿನಲ್ಲಿ ಅದ್ದಿಟ್ಟರೆ ಬಿಟ್ಟುಕೊಳ್ಳುತ್ತಿದ್ದವು. ಆಮೇಲೆ ಗೆಣ್ಣುಗಳು ಬಾತುಕೊಂಡು ಕೆಂಪಾಗತೊಡಗಿದವು. ಈ ಬೇನೆಯ ಸ್ವಭಾವ ವಿಚಿತ್ರ. ಕೆಲವು ದಿನ ಇವಳಿಗೆ ಏನಾಗಿದೆ ಎಂದು ನೋಡಿದವರು ಕೇಳಬೇಕು, ಹಾಗೆ ಸರಾಗವಾಗಿ ಕೈ ಆಡುತ್ತಿತ್ತು. ಮರುದಿನ ಕುಪ್ಪಸದ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ಬೇನೆಯನ್ನು ತಡೆದು ನಿಲ್ಲಿಸುತ್ತಿತ್ತೇ ಹೊರತು ಕಳಿಸುತ್ತಿರಲಿಲ್ಲ. ರೊಟ್ಟಿಯ ಸಪ್ಪಳ ತಪ್ಪತೊಡಗಿತು. ತಾಟು ಮುಂದಿಟ್ಟುಕೊಂಡವರು ಕಾಯತೊಡಗಿದರು.

ನೀಲಗಂಗವ್ವ ಕೆಟ್ಟವಳಲ್ಲ, ಆದರೆ ಬಾಯಿ ಖಾರ. ಕೆಲವು ತಿಂಗಳು ಸುಮ್ಮನಿದ್ದು ಕೊನೆಗೊಂದು ದಿನ ಹೇಳಿಬಿಟ್ಟಳು. “ಬಂದವರು ಹಸಕೊಂಡು ಕುಂತಿರತಾರ, ಶಾವಂತ್ರಿ. ಕೈ ಬಂದಾಗ ಬರತೀನಿ, ಇಲ್ಲಂದ್ರ ಇಲ್ಲ ಅಂದ್ರ ನಾ ಒಲಿ ಹೆಂಗ ಹಚ್ಚಲಿ?” ಮರುದಿನದಿಂದ ಒಲೆಯ ಮುಂದೆ ಬೇರೆ ಹೆಂಗಸು ಕೂತಳು. ಅಕ್ಕ ತಾನು ರೊಟ್ಟಿ ಬಡಿಯುತ್ತಿದ್ದ ಕಟ್ಟಿಗೆಯ ಕೊಣಮಿಗೆಯನ್ನು ಕೂಡ ವಾಪಸು ಕೇಳದೆ, ಸೆರಗು ಕೊಡವಿಕೊಂಡು ಮನೆಗೆ ಬಂದಳು. ಸೋಗು ಮಾಡುತ್ತಾಳೆ ಎಂದು ನೀಲಗಂಗವ್ವ ಯಾರ ಮುಂದೆಯೋ ಅಂದಳೆಂದು ಆಮೇಲೆ ಕಿವಿಗೆ ಬಿತ್ತು. ಅಂದದ್ದು ನಿಜವೋ ಸುಳ್ಳೋ, ಅಕ್ಕ ಆ ಓಣಿಯಲ್ಲಿ ಹಾಯುವುದನ್ನೇ ಬಿಟ್ಟಳು.

ದುಡಿಯಲಾಗದವರಿಗೆ ಸರ್ಕಾರದ ಮಾಸಾಶನ ಇದೆ, ಅರ್ಜಿ ಹಾಕೋಣ ಎಂದು ನಾನು ಹೇಳಿದಾಗ ಅವಳು ನನ್ನನ್ನೇ ಗದರಿದಳು. “ಅದು ಕೈಕಾಲು ಇಲ್ಲದವರಿಗೆ. ನನಗ ಎರಡೂ ಕೈ ಅದಾವ.” ಕೂತು ತಿನ್ನುವವಳು ಎಂದು ಊರು ಆಡಿಕೊಳ್ಳುವುದು ಬೇಡ ಎಂದಳು. ಆದರೆ ಮನೆಯಲ್ಲಿದ್ದ ಜೋಳ ತಳ ಕಂಡಿತ್ತು. ನಮ್ಮ ಮನೆಯಿಂದ ನಾನು ಕೊಟ್ಟು ಕಳಿಸಿದ ಅನ್ನ ಒಂದೆರಡು ಸಲ ಹಾಗೇ ವಾಪಸು ಬಂತು. ಕೊನೆಗೆ ಒಂದು ಬೆಳಿಗ್ಗೆ ಅವಳೇ ತಲೆಬಾಗಿಲಲ್ಲಿ ನಿಂತು, ಆ ಕಚೇರಿ ಎಲ್ಲಿದೆ ಎಂದು ಕೇಳಿದಳು.

ತಪಾಸಣೆಯ ದಿನ ಗೊತ್ತಾಯಿತು. ನಮ್ಮೂರಿನ ಪದ್ಧತಿಯಂತೆ ಡಾಕ್ಟರು ಅರ್ಜಿದಾರರ ಕೈ ಹಿಡಿದು ನೋವನ್ನು ತಾವೇ ಹೊತ್ತು ನೋಡುತ್ತಾರೆ. ಇದಕ್ಕಿಂತ ನೇರವಾದ ತಪಾಸಣೆ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿದ್ದೆ. ಆದರೆ ಆ ದಿನ ಒಳ್ಳೆಯ ಬಿಸಿಲು ಬಿದ್ದಿತ್ತು. ಹಿಂದಿನ ವಾರವಿಡೀ ನರಳಿದ್ದ ಅಕ್ಕ ಎದ್ದು ತಾನೇ ಸೀರೆಯ ನೆರಿಗೆ ಹಿಡಿದು, ತಾನೇ ಹೆರಳು ಹಾಕಿಕೊಂಡಳು. ದಾರಿಯುದ್ದಕ್ಕೂ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತ, ಇವತ್ತೇ ಹೀಗಾಗಬೇಕೇ ಎಂದು ಗೊಣಗುತ್ತಿದ್ದಳು. ನೋವಿಲ್ಲವಲ್ಲ ಎಂದು ಮರುಗಿದವಳನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರ ಹೆಸರು ಚಿದಂಬರ. ಮಾತು ಸೌಮ್ಯ. ಕೈ ಹಿಡಿದು ‘ಕೊಡ್ರಿ’ ಎಂದರು, ಅಕ್ಕ ‘ತಗೋರಿ’ ಎಂದಳು. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಪೆನ್ನು ಎತ್ತಿದರು, ಬರೆದರು, ಗ್ಲಾಸಿನಲ್ಲಿ ನೀರು ಕುಡಿದರು. ಸಣ್ಣಗೆ ಬಿಗಿತ ಇದೆ ಎಂದರು. ಆಮೇಲೆ ಕೇಳಿದರು: “ರೊಟ್ಟಿ ಬಡಿಯಾಕ ಬರತೈತೇನು?”

ಇಲ್ಲಿ ಅಕ್ಕ ತಪ್ಪಿದಳು. ಬರುವುದಿಲ್ಲ ಎನ್ನಲು ಅವಳ ನಾಲಿಗೆ ಹೊರಳಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಯಾಕ ಬರಂಗಿಲ್ರಿ?” ಎಂದು ಬೆನ್ನು ನೆಟ್ಟಗೆ ಮಾಡಿ ಕೂತಳು. ಡಾಕ್ಟರು ಅದನ್ನೂ ಬರೆದುಕೊಂಡರು. ದುಡಿಯಲು ಶಕ್ತಳು ಎಂದು ತೀರ್ಮಾನವಾಯಿತು.

ಅರ್ಜಿ ತಿರಸ್ಕಾರವಾದದ್ದನ್ನು ತಿಳಿಸಿದಾಗ ವಿಚಾರಣೆಯ ಕಿಟಕಿಯಲ್ಲಿ ಕೂತಿದ್ದ ಮೆಹರುನ್ನಿಸಾ ಎಂಬ ಹೆಂಗಸು ನಮ್ಮನ್ನು ಹಾಗೇ ಹೋಗಗೊಡಲಿಲ್ಲ. ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದಳು. ಬಂದವರೆಲ್ಲ ಇದೊಂದನ್ನು ತಪ್ಪು ತಿಳಿದುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದಳು. ಕೈ ಇದೆಯೋ ಇಲ್ಲವೋ, ಒಂದು ಸಲ ಆ ಕೆಲಸ ಮಾಡಲು ಬರುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆಯೇ ಅಲ್ಲ. ಇಂದು, ನಾಳೆ, ನಾಡಿದ್ದು, ಹೇಳಿದ ಹೊತ್ತಿಗೆ ಬಂದು ಸಂಬಳಕ್ಕೆ ತಕ್ಕಂತೆ ಮಾಡಲು ಆಗುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆ. ತಪಾಸಣೆಯ ದಿನ ಬೇನೆ ಇರದಿದ್ದರೆ ಮರುವಿಚಾರಣೆ ಕೇಳಬಹುದು. ಬೇರೆ ಬೇರೆ ದಿನ ಆ ನೋವನ್ನು ಹೊತ್ತವರು ಬಂದು, ಹೊತ್ತಾಗ ತಮ್ಮಿಂದ ಏನು ಮಾಡಲಾಗಲಿಲ್ಲ ಎಂದು ಸಾಕ್ಷಿ ಹೇಳಬಹುದು. ಆದರೆ ಹೊತ್ತವರು ಮನೆಯವರಾಗಿರಬಾರದು.

ನನಗೆ ಜೀವ ಬಂದ ಹಾಗಾಯಿತು. ಅಕ್ಕನ ಮುಖ ಮಾತ್ರ ಕಲ್ಲಾಯಿತು. ಹೊರಗೆ ಬಂದವಳೇ ಹೇಳಿದಳು: “ನನ್ನ ನೋವು ಏನು ಪ್ರಸಾದ ಏನ, ಓಣಿಗೆಲ್ಲಾ ಹಂಚಾಕ?”

ಅವಳ ಮಾತಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿತ್ತು. ಭಾವನವರು ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದಾಗ ಪ್ರತಿ ಮಧ್ಯಾಹ್ನ ಅವರ ನೋವನ್ನು ಇವಳೇ ಹೊರುತ್ತಿದ್ದಳು. ಅವರಿಗೆ ಅಷ್ಟು ಹೊತ್ತು ಹಾಯೆನಿಸಬೇಕಿತ್ತು. ಆದರೆ ಅವರು ಹೆಂಡತಿಯ ಮುಖ ಹಿಂಡುವುದನ್ನು ನೋಡುತ್ತ ಅಳುತ್ತ ಕೂರುತ್ತಿದ್ದರು. ಹಾಗೆ ಎದುರಿಗೆ ಕೂತು ನೋಡುವುದು ತನ್ನಿಂದಾಗದು ಎಂದು ಅವಳು ಅಂದುಕೊಂಡಿದ್ದಳು. ಅದಕ್ಕೇ ನಾನು ಎಷ್ಟು ದಿನ ಬೆಳಿಗ್ಗೆ ಕೈ ಹಿಡಿದು ‘ಕೊಡು’ ಎಂದರೂ ಅವಳು ‘ತಗೋ’ ಎಂದಿರಲಿಲ್ಲ. ಮನೆಯವಳಿಗೇ ಕೊಡದವಳು ಹೊರಗಿನವರಿಗೆ ಕೊಟ್ಟಾಳೆಯೇ? ಮರುವಿಚಾರಣೆಯ ಮಾತು ಅಲ್ಲಿಗೇ ನಿಂತಿತು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ನಾನಾಗ ತವರಿಗೆ ಹೋಗಿದ್ದೆ. ಆದರೆ ಅಕ್ಕ ಮತ್ತು ನೀಲಗಂಗವ್ವ ಬೇರೆ ಬೇರೆಯಾಗಿ ನನಗೆ ಹೇಳಿದ್ದರಲ್ಲಿ ಒಂದು ಮಾತಿನ ಫರಕೂ ಇರಲಿಲ್ಲ. ನೀಲಗಂಗವ್ವನಿಗೆ ಯಾವುದೋ ಮದುವೆಯ ದೊಡ್ಡ ಆರ್ಡರು ಬಂದಿತ್ತು. ಹೊಸ ಹೆಂಗಸು ಒಬ್ಬಳಿಂದಲೇ ಆಗುವಂತಿರಲಿಲ್ಲ. ಹಳೆಯದನ್ನೆಲ್ಲ ನುಂಗಿಕೊಂಡು, ಎರಡು ದಿನದ ಮಟ್ಟಿಗಾದರೂ ಬಾ ಎಂದು ಕರೆಯಲು ಅವಳೇ ನಮ್ಮ ಓಣಿಗೆ ಬಂದಳು. ಬಾಗಿಲು ತಟ್ಟಿದಳು. ಒಳಗಿನಿಂದ ಯಾರದು ಎಂದು ಕೇಳಿ ಬಂತು, ಇವಳು ಹೆಸರು ಹೇಳಿದಳು. ಆಮೇಲೆ ಬಾಗಿಲು ತೆಗೆಯುವುದೇ ಇಲ್ಲ. ನೀಲಗಂಗವ್ವ ಹೊರಗೆ ನಿಂತು, ಸಿಟ್ಟಿದ್ದರೆ ಮುಖಕ್ಕೆ ಹೇಳು, ಬಾಗಿಲು ಹಾಕಿಕೊಂಡು ನನ್ನನ್ನು ಬಿಸಿಲಲ್ಲಿ ನಿಲ್ಲಿಸಬೇಡ, ನಿನ್ನ ರೊಟ್ಟಿಯಿಂದಲೇ ನನ್ನ ಖಾನಾವಳಿ ನಡೆಯುತ್ತಿಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅಷ್ಟೆಲ್ಲ ಆದ ಮೇಲೆ ಒಳಗಿನಿಂದ ಸಣ್ಣ ದನಿ ಕೇಳಿಸಿತು.

“ಸಿಟ್ಟಿಲ್ಲ ಗಂಗಕ್ಕ. ಚಿಲಕ ಸರಸಾಕ ಆಗವಲ್ದು.”

ನೀಲಗಂಗವ್ವ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಅಕ್ಕ ಮೊಣಕೈಯಿಂದ, ಆಮೇಲೆ ಸೆರಗನ್ನು ಚಿಲಕಕ್ಕೆ ಸುತ್ತಿ ಹಲ್ಲಿನಿಂದ ಎಳೆಯುತ್ತಿದ್ದಳು. ಕಬ್ಬಿಣ ಒಂದಿಷ್ಟು ಜರುಗುವುದು, ನಿಲ್ಲುವುದು ಹೊರಗೆ ನಿಂತವಳಿಗೆ ಕೇಳಿಸುತ್ತಿತ್ತು. ಕೊನೆಗೆ ಬಾಗಿಲು ತೆರೆಯಿತು. ಅಕ್ಕನ ತಲೆ ಬಾಚಿ ಎಷ್ಟೋ ದಿನವಾದ ಹಾಗಿತ್ತು. ಒಲೆಯ ಮುಂದೆ ನೀರು ಚೆಲ್ಲಿ ಹರಿದಿತ್ತು, ತಂಬಿಗೆ ಮೂಲೆಗೆ ಉರುಳಿ ಬಿದ್ದಿತ್ತು. ನೀಲಗಂಗವ್ವ ಅದೆಲ್ಲವನ್ನೂ ನೋಡಿ, ಬಂದ ಕೆಲಸ ಹೇಳದೆ, ಅವಳೆದುರು ಕೂತು ಎರಡೂ ಕೈ ಮುಂದೆ ಮಾಡಿದಳು. “ಕೊಡು,” ಎಂದಳು.

ಅಕ್ಕ ತಲೆ ಅಲ್ಲಾಡಿಸಿದಳು. “ನಿನ್ನ ಮುಖ ನೋಡಾಕ ನನಗ ಆಗಂಗಿಲ್ಲ.”

“ನೋಡಬ್ಯಾಡ. ಆಕಡೆ ತಿರುಗಿ ಕುಂಡ್ರು,” ಎಂದಳು ನೀಲಗಂಗವ್ವ. “ನಾ ಏನೇನೋ ಅಂದೀನಿ. ಅಂದದ್ದು ಖರೇನೋ ಸುಳ್ಳೋ ನನಗ ಗೊತ್ತಾಗಬೇಕಲ್ಲ.”

ಇಷ್ಟು ನೇರವಾಗಿ ಕೇಳಿದ್ದಕ್ಕೋ ಏನೋ, ಅಕ್ಕ ‘ತಗೋ’ ಎಂದುಬಿಟ್ಟಳು. ಹೇಳಿ ಗೋಡೆಯ ಕಡೆ ತಿರುಗಿ ಕೂತಳು. ನೀಲಗಂಗವ್ವ ಗಟ್ಟಿ ಹೆಂಗಸು, ಬಾಯಿಂದ ಒಂದು ಸದ್ದೂ ಬಿಡಲಿಲ್ಲ. ಬಿದ್ದ ತಂಬಿಗೆಯನ್ನು ಎತ್ತಿಡೋಣ ಎಂದು ಹೋದಳು, ಬೆರಳು ಮಡಚಲಿಲ್ಲ. ಎರಡೂ ಅಂಗೈ ನಡುವೆ ಒತ್ತಿ ಎತ್ತಿದಳು, ಜಾರಿ ಮತ್ತೆ ಬಿತ್ತು. ಕಣ್ಣೀರು ಬಂತು. ಒರೆಸಿಕೊಳ್ಳಲು ಸೆರಗು ಹಿಡಿಯಲು ಹೋದರೆ ಅದೂ ಆಗಲಿಲ್ಲ. ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ಹೊತ್ತಿನ ಮೇಲೆ ತನ್ನ ಕೈ ಹಗುರಾಗಿದೆ ಎನ್ನುವುದು ಅಕ್ಕನ ಅರಿವಿಗೆ ಬಂತಂತೆ. ಏನು ಮಾಡಬೇಕೆಂದು ತೋಚದೆ ಬಾಚಣಿಗೆ ತಗೊಂಡು ಸಿಕ್ಕು ಬಿಡಿಸಿ ಹೆರಳು ಹಾಕಿಕೊಂಡಳು. ಆಮೇಲೆ ತಿರುಗಿ ಬಂದು ನೀಲಗಂಗವ್ವನ ಕಣ್ಣು ಒರೆಸಿದಳು. ಅವಳ ಮುಖ ನೋಡಿದಳು. ನೋಡಿದ್ದರಿಂದ ತಾನಂದುಕೊಂಡಂತೆ ಎದೆ ಒಡೆದುಹೋಗಲಿಲ್ಲ. “ನೋವು ಅನ್ನೂದು ಒಬ್ಬಾಕಿನ ಕುಂತು ಉಣ್ಣೂ ಊಟ ಅಲ್ಲ ಬಿಡು,” ಎಂದು ನನಗೆ ಹೇಳುವಾಗ ಅವಳು ನಕ್ಕಳು.

ಮದುವೆಯ ರೊಟ್ಟಿಯನ್ನು ನೀಲಗಂಗವ್ವ ಎಲ್ಲಿಂದ ತರಿಸಿದಳೋ ಗೊತ್ತಿಲ್ಲ. ಆದರೆ ಮರುವಿಚಾರಣೆಗೆ ಹೊರಗಿನವರ ಸಾಕ್ಷಿ ಬೇಕೆಂದು ಅಕ್ಕನಿಂದ ತಿಳಿದುಕೊಂಡು, ಅಂದಿನಿಂದ ಖಾನಾವಳಿಯಲ್ಲಿ ಊಟಕ್ಕೆ ಕೂತ ಹಳೆಯ ಗಿರಾಕಿಗಳಿಗೆಲ್ಲ ತಾಟಿನ ಮುಂದೆ ನಿಂತು ಅಪ್ಪಣೆ ಮಾಡತೊಡಗಿದಳು. ಇಷ್ಟು ವರ್ಷ ಆ ಕೈಯ ರೊಟ್ಟಿ ತಿಂದಿದ್ದೀರಿ, ಹೋಗಿ ಒಂದು ಬೆಳಿಗ್ಗೆ ಆ ಕೈಯ ನೋವು ಹೊತ್ತು ಬನ್ನಿ. ಬೇನೆ ಎದ್ದ ಬೆಳಿಗ್ಗೆ ನಾನು ಖಾನಾವಳಿಗೆ ಹೇಳಿ ಕಳಿಸುತ್ತಿದ್ದೆ, ಅಲ್ಲಿಂದ ಯಾರಾದರೂ ಬರುತ್ತಿದ್ದರು. ಬಸ್ ಚಾಲಕ ಮೌಲಾಸಾಬ ರಜೆಯ ದಿನ ಬಂದು ಹೊತ್ತ. ನೀರಿನ ನಲ್ಲಿ ತಿರುಗಿಸಲಾಗದೆ, ಈ ಕೈಯಲ್ಲಿ ಸ್ಟೇರಿಂಗು ಹಿಡಿದರೆ ಊರಿಗೇ ಕುತ್ತು ಎಂದ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು ಬಂದು, ಒಂದು ಗೆರೆ ಎಳೆಯಲು ಹೋಗಿ ಆಗದೆ ಪೆನ್ಸಿಲ್ಲು ಕೆಳಗಿಟ್ಟರು. ಹೋಗುವಾಗ ಅಕ್ಕನಿಗೆ ನಮಸ್ಕಾರ ಮಾಡಿದರು. ಅಕ್ಕನಿಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆ ಮೊದಲಿನ ನಾಚಿಕೆಯಾಗಿರಲಿಲ್ಲ. ಬಂದವರು ಹೊತ್ತಿರುವಾಗ ಸಿಗುವ ಆ ಹೊತ್ತಿನಲ್ಲಿ ಅವಳು ಅವರಿಗೇ ಚಹಾ ಮಾಡಿಕೊಟ್ಟು, ಬಟ್ಟಲು ಹಿಡಿಯಲಾಗದವರಿಗೆ ತಾನೇ ಕುಡಿಸುತ್ತಿದ್ದಳು.

ಮರುವಿಚಾರಣೆಗೆ ಅವರೆಲ್ಲ ಬಂದರು. ನೀಲಗಂಗವ್ವ ಅಂದು ಖಾನಾವಳಿಗೆ ಬೀಗ ಹಾಕಿದ್ದಳು. ಮೇಜಿನ ಆಚೆ ಅದೇ ಚಿದಂಬರ ಡಾಕ್ಟರು, ಜೊತೆಗೆ ವಯಸ್ಸಾದ ಇನ್ನೊಬ್ಬ ಅಧಿಕಾರಿಣಿ ಕೂತಿದ್ದರು. ಒಬ್ಬೊಬ್ಬರೂ ತಾವು ಹೊತ್ತದ್ದನ್ನು, ಆಗ ತಮ್ಮಿಂದ ಏನಾಗಲಿಲ್ಲ ಎನ್ನುವುದನ್ನು ಹೇಳಿದರು. ನೀಲಗಂಗವ್ವ ತಂಬಿಗೆಯ ಸಂಗತಿ ಹೇಳಿ, ಇವಳನ್ನು ಕೆಲಸದಿಂದ ಬಿಡಿಸಿದವಳು ನಾನೇ, ಈಗಲೂ ಇಟ್ಟುಕೊಳ್ಳಲಾರೆ, ಯಾವ ಖಾನಾವಳಿಯವರೂ ಇಟ್ಟುಕೊಳ್ಳಲಾರರು, ಅದನ್ನು ಬರೆದುಕೊಳ್ಳಿ ಎಂದಳು. ಅಂದು ಕೂಡ ಅಕ್ಕನ ಕೈ ಅಷ್ಟೇನೂ ಕೆಟ್ಟಿರಲಿಲ್ಲ. ಡಾಕ್ಟರು ಮತ್ತೆ ಅದನ್ನೇ ಕೇಳಿದರು. “ರೊಟ್ಟಿ ಬಡಿಯಾಕ ಬರತೈತೇನ್ರಿ?”

ಅಕ್ಕ ಯೋಚಿಸಿದಳು. “ಬರತೈತ್ರೀ,” ಎಂದಳು. “ಆದ್ರ ಯಾವತ್ತು ಬರತೈತಿ, ಯಾವತ್ತು ಬರಂಗಿಲ್ಲ ಅನ್ನೂದು ನನ್ನ ಕೈಯಾಗ ಇಲ್ಲ. ಬರದ ದಿನ ಬಾಗಿಲದ ಚಿಲಕಾನೂ ತಗ್ಯಾಕ ಆಗಂಗಿಲ್ಲ. ಅಂಥಾ ದಿನಾನ ಜಾಸ್ತಿ ಅದಾವು.”

ಅಷ್ಟೇ ಹೇಳಿದಳು. ಅಧಿಕಾರಿಣಿ ಡಾಕ್ಟರ ಕಡೆ ನೋಡಿದರು. ಅವರು ಹೌದೆಂದು ತಲೆಯಾಡಿಸಿ, ಹೋದ ಸಲ ಕೇಳಬೇಕಾದ ಪ್ರಶ್ನೆ ಅರ್ಧಕ್ಕೇ ನಿಂತಿತ್ತು ಎಂದರು. ಮಾಸಾಶನ ಮಂಜೂರಾಯಿತು. ಹೊರಗೆ ಬಂದಾಗ ಕಿಟಕಿಯಲ್ಲಿದ್ದ ಮೆಹರುನ್ನಿಸಾ ಎದ್ದು ನಿಂತು ನಕ್ಕಳು. ಅಕ್ಕ ಅವಳ ಹತ್ತಿರ ಹೋಗಿ, ಇದು ಯಾರ ದುಡ್ಡು ಎಂದು ಮೆಲ್ಲಗೆ ಕೇಳಿದಳು. ದಾನ ತಗೊಳ್ಳುವ ಅಳುಕು ಅವಳಿಗೆ ಇನ್ನೂ ಹೋಗಿರಲಿಲ್ಲ. “ನಿಮ್ದೂ ಐತಿ ಅದರಾಗ,” ಎಂದಳು ಮೆಹರುನ್ನಿಸಾ. “ಇಷ್ಟು ವರ್ಷ ಉಪ್ಪು, ಎಣ್ಣಿ, ಕಡ್ಡಿಪೆಟ್ಟಿಗಿ ಕೊಂಡೀರಲ್ಲ, ಎಲ್ಲಾದರಾಗೂ ತೆರಿಗಿ ಕಟ್ಟೀರಿ. ನಿಮಗ ಬ್ಯಾಡ ಅಂದ್ರ ಇನ್ನ್ಯಾರಿಗೆ ಕೊಡೂದು?”

ಕಥೆ ಇಲ್ಲಿಗೆ ಮುಗಿದಿದ್ದರೂ ನನಗೆ ಸಮಾಧಾನವೇ. ಆದರೆ ಮಾಸಾಶನ ಶುರುವಾದ ಮೇಲೆ ಅಕ್ಕ ಬೇರೊಂದು ಚಿಂತೆಗೆ ಬಿದ್ದಳು. ದುಡಿಯಲಾಗದವಳು ಎಂದು ಬರೆಸಿಕೊಂಡ ಮೇಲೆ ಕೈ ಆಡುವ ದಿನಗಳಲ್ಲಿಯೂ ಏನೂ ಮಾಡಬಾರದು ಎಂದು ಅವಳ ತಿಳುವಳಿಕೆ. ಅಂಗಳ ಕಸ ಹೊಡೆಯಲೂ ಹೆದರುತ್ತಿದ್ದಳು. ತನ್ನ ಪಾಲಿನ ರೊಟ್ಟಿಯನ್ನು ಬಾಗಿಲು ಮುಚ್ಚಿಕೊಂಡು, ಮನೆಯಲ್ಲಿದ್ದ ಹಳೆಯ ಕೊಣಮಿಗೆಯ ಕೆಳಗೆ ಗೋಣಿಚೀಲ ಹಾಸಿ, ಸಪ್ಪಳವಾಗದ ಹಾಗೆ ಒತ್ತುತ್ತಿದ್ದಳು. ಒತ್ತಿದ ರೊಟ್ಟಿ ದಪ್ಪವಾಗಿ, ಅಂಚೆಲ್ಲ ಬಿರಿದು, ತಿನ್ನುವ ಹಾಗಿರುತ್ತಿರಲಿಲ್ಲ. ನನಗೆ ನಗುವೂ ಬಂತು, ಸಂಕಟವೂ ಆಯಿತು. ಕರೆದುಕೊಂಡು ಮತ್ತೆ ಕಚೇರಿಗೆ ಹೋದೆ. ಮನೆಗೆಲಸ ಮಾಡಿಕೊಳ್ಳುವುದಕ್ಕೆ ಯಾರ ತಕರಾರೂ ಇಲ್ಲ, ಮೈ ಚೆನ್ನಾಗಿದ್ದ ದಿನ ಅಷ್ಟೋ ಇಷ್ಟೋ ದುಡಿದರೂ ನಿಯಮ ಹೇಳಿದ ಮಿತಿಯೊಳಗೆ ಇದ್ದರೆ ಮಾಸಾಶನ ನಿಲ್ಲುವುದಿಲ್ಲ, ಬಂದು ತಿಳಿಸಿದರೆ ಸಾಕು ಎಂದು ಮೆಹರುನ್ನಿಸಾ ವಿವರಿಸಿದಳು. ಕೂತು ಸೊರಗಲಿ ಎಂದು ಯಾರೂ ಇದನ್ನು ಕೊಡುವುದಿಲ್ಲ ಎಂದಳು. ಬರುವ ದಾರಿಯಲ್ಲಿ ಅಕ್ಕ ಜೋಳ ಬೀಸಿಸಲು ಗಿರಣಿಗೆ ಕೊಟ್ಟು ಬಂದಳು. ಈಗ ಕೈ ಬಂದ ದಿನ ನೀಲಗಂಗವ್ವನಲ್ಲಿಗೆ ಹೋಗಿ ಒಂದಿಷ್ಟು ರೊಟ್ಟಿ ಬಡಿದು ಬರುತ್ತಾಳೆ. ಬರದ ದಿನ ಹೋಗುವುದಿಲ್ಲ, ಯಾರೂ ಯಾಕೆಂದು ಕೇಳುವುದಿಲ್ಲ.

ಮೊನ್ನೆ ಅಕ್ಕನ ಕೈ ಚೆನ್ನಾಗಿದ್ದ ಒಂದು ಬೆಳಿಗ್ಗೆ ಅವಳ ಬಾಗಿಲಿಗೆ ಒಬ್ಬ ಬಂದ. ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹಮಾಲ, ಹೆಸರು ದುರಗಪ್ಪ. ಆಳೆತ್ತರದ ಗಂಡಸು, ಮೇಲೆ ನೋಡಿದರೆ ಏನೂ ಆದಂತಿಲ್ಲ. ಕುತ್ತಿಗೆಯಿಂದ ಒಂದು ನೋವು ಎದ್ದು ತಲೆಗೆ ಹತ್ತಿದರೆ ಬೆಳಕು ನೋಡಲಾಗುವುದಿಲ್ಲ, ಮಾತು ತೊದಲುತ್ತದೆ, ಇಂಥ ಮೈಕಟ್ಟಿನವನಿಗೆ ಎಂಥ ಬೇನೆ ಎಂದು ಎಲ್ಲರೂ ನಗುತ್ತಾರೆ ಎಂದ. ಮಾಸಾಶನದ ಅರ್ಜಿ ತಿರಸ್ಕಾರವಾಗಿದೆಯಂತೆ. ಮೆಹರುನ್ನಿಸಾ ಇಲ್ಲಿಗೆ ಕಳಿಸಿದ್ದಳು. ಹೇಳಿ ಮುಗಿಸಿದವನು ಹೊಸ್ತಿಲಾಚೆಯೇ ನಿಂತು ನೆಲ ನೋಡುತ್ತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ.

“ಈಗ ಐತೇನು?” ಎಂದು ಕೇಳಿದಳು ಅಕ್ಕ.

“ಐತ್ರೀ,” ಎಂದ.

ಅವಳು ಅವನನ್ನು ಒಳಗೆ ಕರೆದು, ಕಿಟಕಿಗೆ ಚಾದರ ಇಳಿಬಿಟ್ಟು, ಎದುರು ಕೂತು ಎರಡೂ ಕೈ ಚಾಚಿದಳು. ಅವನು ಕೊಡಲು ಹಿಂದೆಮುಂದೆ ನೋಡಿದ. ಅಕ್ಕ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವನ ಬಾಯಿಂದ ‘ತಗೋರಿ’ ಹೊರಬಿತ್ತು. ಅಕ್ಕ ಒಮ್ಮೆಲೇ ಕಣ್ಣು ಮುಚ್ಚಿದಳು, ಹಣೆ ಗಂಟಾಯಿತು. ತಾನು ಬಲ್ಲ ನೋವು ಇದಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ದುರಗಪ್ಪ ಮಾತ್ರ ನಿಧಾನಕ್ಕೆ ತಲೆ ಎತ್ತಿ, ಕುತ್ತಿಗೆಯನ್ನು ಆಚೆ ಈಚೆ ತಿರುಗಿಸಿ, ಚಾದರದ ಅಂಚಿನಿಂದ ಒಳಗೆ ಬೀಳುತ್ತಿದ್ದ ಬಿಸಿಲಿನ ಕೋಲನ್ನು ಕಣ್ಣು ಅರಳಿಸಿ ನೋಡುತ್ತ ಕೂತ.